ಗಿಣಿಗೆ ಬಂದ ಕರೆ

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂಬ ಗಾದೆಯನ್ನು ನಿಜ ಮಾಡಿದವಳು ಈ ಗಿಣಿ. ಹೆತ್ತವರು ಇಟ್ಟ ಹೆಸರು ಬೇರೆ, ಆಫೀಸಿನವರಿಗೆಲ್ಲ ಅವಳು ಗಿಣಿಯೇ. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗಿರಾಕಿ ಒಂದು ಭಾಷೆಯಲ್ಲಿ ಹೇಳಿದ್ದನ್ನು ಕಂಪನಿಯವರಿಗೆ ಇನ್ನೊಂದು ಭಾಷೆಯಲ್ಲಿ ಒಪ್ಪಿಸುವ ದುಭಾಷಿಯ ಕೆಲಸ. ಕನ್ನಡಕ ಮಾರುವವರು, ವಿಮೆ ಮಾರುವವರು, ವಾಷಿಂಗ್ ಮಷೀನ್ ಮಾರುವವರು, ಎಲ್ಲರಿಗೂ ಅವಳ ನಾಲಿಗೆ ಬೇಕು. ಭಾಷೆ ಬಾರದೆಂದು ಅಂಗಡಿ ಮೆಟ್ಟಿಲು ಹತ್ತದವರೂ ಅವಳ ದೆಸೆಯಿಂದ ಮನೆಯಲ್ಲೇ ಕೂತು ಜೋರಾಗಿ ಚೌಕಾಸಿ ಮಾಡುತ್ತಿದ್ದರು.

ಅಲ್ಲಿ ನಿಯಮ ಒಂದೇ. ಗಿರಾಕಿ ‘ನಾನು’ ಅಂದರೆ ದುಭಾಷಿಯೂ ‘ನಾನು’ ಅನ್ನಬೇಕು, ತನ್ನದೊಂದು ಮಾತೂ ಸೇರಿಸಬಾರದು. ಹೀಗಾಗಿ ಗಿಣಿ “ನನ್ನ ಮೀಸೆಗೆ ನಿಮ್ಮ ಬಣ್ಣ ಹತ್ತಲಿಲ್ಲ” ಎಂದು ಜಗಳ ತೆಗೆದದ್ದೂ ಉಂಟು.

ಸಂಜೆ ಮನೆ ಸೇರುವಾಗ ಗಂಟಲು ಒಣಗಿರುತ್ತಿತ್ತು. ಗಂಡ ಬರುವುದು ತಡ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಏನು ಕೇಳಿದರೂ ‘ಹೂಂ’, ಇಲ್ಲವೇ ‘ಉಹುಂ’. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಈ ಮಹಾರಾಯ್ತಿ ಬೆಳ್ಳಿಯನ್ನೆಲ್ಲ ಆಫೀಸಿನಲ್ಲಿ ಖರ್ಚು ಮಾಡಿ ಬಂಗಾರವನ್ನಷ್ಟೇ ಮನೆಗೆ ತರುತ್ತಿದ್ದಳು.

ಒಂದು ಮಧ್ಯಾಹ್ನ ಹಿರಿಯರ ವಸತಿಗೃಹವೊಂದರಿಂದ ಕರೆ ಬಂತು. ಹೊಸ ಗಿರಾಕಿಗೆ ಅವರ ಭಾಷೆ ಬಾರದಂತೆ.

“ನಮಸ್ಕಾರ ಅಮ್ಮ, ನಾನು ದುಭಾಷಿ. ಹೇಳಿ.”

“ನಂಗೊಂದು ರೂಮು ಬೇಕಿತ್ತಮ್ಮ.”

ಅತ್ತೆಯ ದನಿ! ಗಿಣಿ ಹಾಗೂ ಹೀಗೂ ಸಾವರಿಸಿಕೊಂಡು ಅಷ್ಟನ್ನೂ ಒಪ್ಪಿಸಿದಳು. ಮನೆಯಲ್ಲೇನು ತೊಂದರೆ ಎಂದು ವಸತಿಗೃಹದವರು ಕೇಳಿದರು. ಆ ಪ್ರಶ್ನೆಯನ್ನೂ ಅವಳೇ ಕೇಳಬೇಕಾಯಿತು.

“ತೊಂದ್ರೆ ಏನಿಲ್ಲಮ್ಮ. ಸೊಸೆ ಹೊತ್ತುಹೊತ್ತಿಗೆ ಊಟ ಹಾಕ್ತಾಳೆ, ಮಾತ್ರೆ ಕೊಡ್ತಾಳೆ. ಆದ್ರೆ ಮಾತೇ ಆಡಲ್ಲ. ನನ್ಮೇಲೆ ಏನೋ ಕೋಪ ಇರ್ಬೇಕು. ಗೋಡೆ ಜೊತೆ ಎಷ್ಟೂಂತ ಮಾತಾಡ್ಲಿ? ಅಲ್ಲಾದ್ರೆ ನಾಲ್ಕು ಜನ ಇರ್ತಾರಂತೆ.”

ಕೋಪವೇ? ಗಿಣಿ ದಂಗಾದಳು. ಇದ್ದದ್ದು ದಣಿವು, ಕೋಪದ ಸುಳಿವೂ ಇರಲಿಲ್ಲ. ಆದರೆ ಅದನ್ನು ಹೇಳುವ ಹಕ್ಕು ದುಭಾಷಿಗೆಲ್ಲಿದೆ? “ನನ್ನ ಸೊಸೆ ನನ್ನೊಡನೆ ಮಾತೇ ಆಡುವುದಿಲ್ಲ” ಎಂದು ತನ್ನ ಬಾಯಿಂದಲೇ ಅನ್ನುವಾಗ ನಾಲಿಗೆ ತಡವರಿಸಿತು. ಯಾವಾಗ ಬರುತ್ತೀರಿ ಎಂದು ಅವರು ಕೇಳಿದರು.

“ನಾಳೇನೇ ಬಂದ್ಬಿಡ್ತೀನಿ. ಮಗನಿಗೆ ಹೇಳಿಲ್ಲ, ಹೇಳಿದ್ರೆ ಬಿಡಲ್ಲ ಅವನು. ಅಲ್ಲಮ್ಮ, ನಿನ್ನ ದನಿ ಎಷ್ಟು ಚೆನ್ನಾಗಿದೆ! ಕೇಳ್ತಾನೇ ಇರೋಣ ಅನ್ಸುತ್ತೆ. ನಿಮ್ಮತ್ತೆ ಪುಣ್ಯ ಮಾಡಿದ್ರು.”

ಗಿಣಿಗೆ ಬರಸಿಡಿಲು ಬಡಿದಂತಾಯಿತು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದವರಿಗೆ ತನ್ನ ದನಿಯ ಗುರುತೇ ಇಲ್ಲ! ಇರುವುದಾದರೂ ಹೇಗೆ? ಮನಬಿಚ್ಚಿ ಮಾತಾಡಿದ್ದರೆ ತಾನೆ?

“ಏನೆಂದರು?” ಎಂದು ವಸತಿಗೃಹದವರು ಎರಡು ಸಲ ಕೇಳಿದರು. ಗಿಣಿ ನಿಯಮವನ್ನು ಗಾಳಿಗೆ ತೂರಿ, “ಅತ್ತೆ, ನಾನು. ನೀವು ಎಲ್ಲೂ ಹೋಗ್ಬೇಡಿ” ಅಂದಳು.

“ಅತ್ತೆ ಅಂತೀಯಲ್ಲ, ಯಾರಮ್ಮ ನೀನು? ನಂಗೆ ಗೊತ್ತಿರೋಳಾ?”

ಹೇಳಬೇಕೆಂದದ್ದು ಬೆಟ್ಟದಷ್ಟಿತ್ತು. ಹೊರಬಂದದ್ದು ಒಂದೇ.

“ಹೂಂ.”

“ಅಯ್ಯೋ ದೇವ್ರೇ, ನೀನಾ!” ಅಂದರು ಅತ್ತೆ.