ಬೈಬಲ್ ಅವ್ವನಿಗೆ ನಾನೇ ಕಣ್ಣಾಗಿದ್ದೆ

ಮಾಳಿಗೆಯ ಮೇಲಿನ ಬದನೆ ಗಿಡಕ್ಕೆ ಹುಳ ಬಿದ್ದಿದೆಯೆಂದು ಮೊಮ್ಮಗಳು ಹೋದ ವಾರ ಬೇವಿನ ಎಣ್ಣೆ ತಂದು ಸಿಂಪಡಿಸಿದಳು. "ಥೂ, ಏನು ನಾತ ಅಜ್ಜಿ!" ಎಂದು ಮೂಗು ಮುಚ್ಚಿಕೊಂಡು ಕೆಳಗೆ ಓಡಿದಳು. ನಾನು ಮಾತ್ರ ಅಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ನನಗದು ಸತ್ಯವೇದದ ವಾಸನೆ. ಬೈಬಲ್ಲಿನ ತೊಗಲು ರಟ್ಟಿಗೆ ಗೆದ್ದಲು ಹತ್ತಬಾರದೆಂದು ಬೈಬಲ್ ಅವ್ವ ತಿಂಗಳಿಗೊಮ್ಮೆ ಬೇವಿನ ಎಣ್ಣೆ ಸವರುತ್ತಿದ್ದಳು. ಅದನ್ನು ಎದೆಗವಚಿಕೊಂಡು ನಡೆದೂ ನಡೆದೂ ಆಕೆಯ ಬಿಳಿ ಸೀರೆಯ ಸೆರಗಿಗೂ ಅದೇ ವಾಸನೆ ಹತ್ತಿತ್ತು...

ಆಕೆಗೊಂದು ಹೆಸರಿತ್ತು, ಆದರೆ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಊರೂರಿಗೆ ಹೋಗಿ ಹೆಂಗಸರ ನಡುವೆ ಕೂತು ಸುವಾರ್ತೆ ಓದುವುದು, ಮಕ್ಕಳ ಕಜ್ಜಿಗೆ ಮುಲಾಮು ಹಚ್ಚುವುದು, ಬಾಣಂತಿಯ ತಲೆದೆಸೆಯಲ್ಲಿ ಪ್ರಾರ್ಥನೆ ಮಾಡುವುದು, ಇದು ಮಿಷನ್ನಿನವರು ಆಕೆಗೆ ಕೊಟ್ಟ ಕೆಲಸ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಮಸ್ಕಿಯಲ್ಲಿ ನಮ್ಮ ಓಣಿಯಲ್ಲೇ ಒಂದು ಕೋಣೆಯಲ್ಲಿದ್ದಳು. ಬಂಡಿ ಸಿಕ್ಕರೆ ಬಂಡಿ, ಇಲ್ಲದಿದ್ದರೆ ಕಾಲ್ನಡಿಗೆ. ಬಳಗಾನೂರು, ಗೊರೇಬಾಳ ಎಂದು ವಾರವೆಲ್ಲ ತಿರುಗಾಟ. ದೊಡ್ಡ ಮನೆಗಳ ಹೆಂಗಸರೂ ಆಕೆಯನ್ನು ಕಟ್ಟೆಯ ಕೆಳಗೆ ಕೂರಿಸಿ ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು. ಆದರೆ ಮಜ್ಜಿಗೆಯನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಆಕೆ ನಗುನಗುತ್ತ ಕುಡಿಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನನ್ನು ಓದಿಗೆ ಹಚ್ಚಿದವಳು ಆಕೆಯೇ. ಪೊಲೀಸ್ ಆಕ್ಷನ್ ಮುಗಿದು ನಿಜಾಮನ ಆಳ್ವಿಕೆ ಹೋಗಿ, ಉರ್ದು ಸಾಲಿಗಳು ಕನ್ನಡ ಸಾಲಿಗಳಾಗುತ್ತಿದ್ದ ಕಾಲ. ನನಗೆ ಹನ್ನೊಂದು ವರ್ಷ. ಲಿಂಗಸುಗೂರಿನ ಬೋರ್ಡಿಂಗಿಗೆ ಕಳಿಸು ಎಂದು ಅಪ್ಪನ ಬೆನ್ನು ಹತ್ತಿದಳು. ಅಪ್ಪ ಕೂಲಿಯವನು. "ಹೆಣ್ಣುಡುಗಿ ಓದಿ ತಹಶೀಲ್ದಾರ ಆಗತೈತೇನ್ರಿ ಅವ್ವಾರ?" ಎಂದ.

"ಆದ್ರ ನಿನಗೇನ್ ಹೊಟ್ಟಿನೋವು?" ಎಂದು ಅವನ ಬಾಯಿ ಮುಚ್ಚಿಸಿದಳು.

ಬೋರ್ಡಿಂಗಿನ ಸೂಟಿಯಲ್ಲಿ ಆಕೆಯ ಚೀಲ ಹಿಡಿದು ನಾನೂ ಊರೂರು ಸುತ್ತುತ್ತಿದ್ದೆ. ಹಾಗೆ ಒಂದು ಬೇಸಿಗೆಯಲ್ಲಿ ಗೊರೇಬಾಳದ ಒಂದು ಮನೆಯಂಗಳದಲ್ಲಿ ಆಕೆ ಕಳೆದುಹೋದ ಕುರಿಯ ಕಥೆ ಓದುತ್ತಿದ್ದಳು. ಪಕ್ಕದಲ್ಲೇ ಕೂತಿದ್ದ ನಾನು ಪುಟದ ಮೇಲೆ ಕಣ್ಣು ಹಾಯಿಸಿದೆ. ಅಲ್ಲಿ ಕುರಿಯೂ ಇರಲಿಲ್ಲ, ಕುರುಬನೂ ಇರಲಿಲ್ಲ. ಯಾರ ಮಗ ಯಾರು ಎಂಬ ವಂಶಾವಳಿಯ ಉದ್ದ ಪಟ್ಟಿ ಇತ್ತು. ಆಕೆ ಸಾಲಿನ ಮೇಲೆ ಬೆರಳಾಡಿಸುತ್ತ, ತಡವರಿಸದೆ, ಬಾಯಿಪಾಠದಿಂದ ಹೇಳುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು, ದಾರಿಯಲ್ಲಿ ಎದುರು ಬರುವ ಬಂಡಿ, ಇಷ್ಟು ಮಾತ್ರ ಕಾಣುತ್ತಿತ್ತಂತೆ.

"ಯಾರ ಮುಂದೂ ಹೇಳಬ್ಯಾಡ ಮಗಳ," ಎಂದಳು ದಾರಿಯಲ್ಲಿ. "ಗೊತ್ತಾದ್ರ ಮನ್ಯಾಗ ಕೂಡ್ರು ಅಂತಾರ. ನಾ ಕುಂತ್ರ ಸತ್ತಂಗ."

ಹೇಳಲಿಲ್ಲ. ಅಂದಿನಿಂದ ನಾನೇ ಆಕೆಯ ಕಣ್ಣಾದೆ. ಹೊಸ ಅಧ್ಯಾಯ ಬೇಕಾದರೆ ಮೂರು ಸಲ ಓದುತ್ತಿದ್ದೆ, ಆಕೆಗೆ ಬಾಯಿಗೆ ಬಂದುಬಿಡುತ್ತಿತ್ತು. ತಿಂಗಳ ಕೊನೆಯ ಶನಿವಾರ ಮೋಟಾರು ಹತ್ತಿ ಲಿಂಗಸುಗೂರಿಗೆ ಬರುತ್ತಿದ್ದಳು. ಬೋರ್ಡಿಂಗಿನ ಹಿಂದೆ ಕೂತು ಎಷ್ಟು ಊರು, ಎಷ್ಟು ಮನೆ ಎಂದು ಆಕೆ ಹೇಳಿದ್ದನ್ನು ನಾನು ವರದಿ ಬರೆದುಕೊಡುತ್ತಿದ್ದೆ. ಮಿಷನ್ನಿನವರು ಆಕೆಯ ಅಕ್ಷರ ವರ್ಷದಿಂದ ವರ್ಷಕ್ಕೆ ದುಂಡಗಾಗುತ್ತಿದೆ ಎಂದು ಹೊಗಳಿದರಂತೆ. ಅದನ್ನು ನೆನೆದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನಾನು ಹೈಸ್ಕೂಲು ಪಾಸಾದೆ. ನಮ್ಮ ಕ್ರೈಸ್ತ ಸಭೆಯ ಹಿರಿಯರಿಗೆ ನನ್ನ ಮುಂದಿನ ದಾರಿಯ ಬಗ್ಗೆ ಅನುಮಾನವೇ ಇರಲಿಲ್ಲ. ಬೈಬಲ್ ಅವ್ವನ ಜೊತೆ ಇದ್ದು ಕೆಲಸ ಕಲಿಯುವುದು, ಮುಂದೆ ಆ ಚೀಲ ಹೊರುವುದು. ನನ್ನ ಮನಸ್ಸು ಬೇರೆ ಕಡೆಗಿತ್ತು. ದೂರದ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆಂದು ಬೋರ್ಡಿಂಗಿನಲ್ಲಿ ಹೇಳಿದ್ದರು. ಅದು ದೇವರ ಕರೆಯೇ ಎಂದು ಮೊಣಕಾಲೂರಿ ಕೇಳಿದೆ. ಏನೂ ಕೇಳಿಸಲಿಲ್ಲ. ನಿಜ ಹೇಳಬೇಕೆಂದರೆ, ಬೊಗಸೆ ಒಡ್ಡದೆ ನೀರು ಕುಡಿಯುವ ಊರೊಂದನ್ನು ನೋಡಬೇಕಿತ್ತು ನನಗೆ. ಆ ಆಸೆಯ ಗದ್ದಲದಲ್ಲಿ ದೇವರು ಕೂಗಿದ್ದರೂ ಕೇಳಿಸುತ್ತಿರಲಿಲ್ಲ. ಆದರೆ ನಾನು ಹೋದರೆ ಆಕೆಗೆ ಓದಿಕೊಡುವವರು ಯಾರು, ಬರೆದುಕೊಡುವವರು ಯಾರು? ಗುಟ್ಟು ಬಯಲಾಗುತ್ತದೆ, ಕೆಲಸ ಹೋಗುತ್ತದೆ. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ನಮ್ಮ ಸಭೆಯಲ್ಲಿ ಒಂದು ರೂಢಿ ಇತ್ತು. ಮದುವೆಯಿರಲಿ, ಎತ್ತು ಕೊಳ್ಳುವುದಿರಲಿ, ಮನಸ್ಸು ಎರಡಾದರೆ ಎರಡು ಚೀಟಿ ಬರೆದು ಮಡಚಿ ಸತ್ಯವೇದದೊಳಗಿಟ್ಟು, ಮೂರು ದಿನ ಪ್ರಾರ್ಥಿಸಿ ಒಂದನ್ನು ಎತ್ತುವುದು. ಬಂದದ್ದೇ ದೇವರ ಚಿತ್ತ. "ನೀ ಬರಿ," ಎಂದಳು ಬೈಬಲ್ ಅವ್ವ. "ಒಂದರಾಗ 'ಇಲ್ಲೇ ಇರು', ಇನ್ನೊಂದರಾಗ 'ಹೋಗು'."

ನಾನು ಬರೆದೆ. ಎರಡರಲ್ಲೂ 'ಹೋಗು' ಎಂದೇ ಬರೆದೆ.

ಮೂರು ದಿನ ಆಕೆ ಒಂದೇ ಹೊತ್ತು ಉಂಡಳು. ನಾನು ಆಕೆಯ ಎದುರು ಕೂರದೆ ತಪ್ಪಿಸಿಕೊಂಡು ತಿರುಗಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾಲ್ಕನೆಯ ದಿನ ಮಧ್ಯಾಹ್ನ ಆಕೆ ಪುಟಗಳ ನಡುವೆ ಕೈಯಾಡಿಸಿ ಒಂದು ಚೀಟಿ ಎತ್ತಿ ನನ್ನ ಕೈಗೆ ಕೊಟ್ಟಳು.

"ಓದು."

"'ಹೋಗು' ಅಂತೈತಿ," ಎಂದೆ.

ಆಕೆ ಇನ್ನೊಂದು ಚೀಟಿಯನ್ನೂ ಹುಡುಕಿ ತೆಗೆದು, ಅದರಲ್ಲೇನಿದೆ ಎಂದು ಕೇಳದೆ ಒಲೆಗೆ ಹಾಕಿದಳು. "ಆತು. ದೇವರು ಕಳಿಸಿದ ಮ್ಯಾಲೆ ನಾ ಯಾರು ತಡಿಯಾಕ," ಎಂದಳು. ಹಿರಿಯರಿಗೂ ಅಪ್ಪನಿಗೂ ಆಕೆಯೇ ಹೇಳಿ ಒಪ್ಪಿಸಿದಳು.

ಹೊರಡುವ ದಿನ ಲಿಂಗಸುಗೂರಿನ ತನಕ ಬಂದಳು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮೋಟಾರು ಬರುವವರೆಗೂ ಬರೀ ಹವೆ, ನೀರು, ಜ್ವರದ ಮಾತಾಡಿದಳು. ನಾನು ಹತ್ತಿ ಕಿಟಕಿಯ ಬಳಿ ಕೂತ ಮೇಲೆ ತಡಕಾಡಿ ನನ್ನ ಕೈ ಹಿಡಿದಳು.

"ಚೀಟಿ ಬಿಚ್ಚಿದ ಸಪ್ಪಳ ಬರೂಕಿಂತ ಮೊದಲ ಓದಿದಿ ನೀ," ಎಂದಳು ಮೆಲ್ಲಗೆ. "ಕಣ್ಣು ಹೋಗ್ಯಾವ, ಕಿವಿ ಅದಾವ ನನಗ. ಹೋಗಾಕ ಮನಸ್ಸೈತಿ ಅಂತ ಬಾಯಿಬಿಟ್ಟು ಕೇಳಿದ್ರ ಬ್ಯಾಡ ಅಂತಿದ್ನೇನು? ನಡುವ ದೇವರ್ನ ಯಾಕ ಎಳದಿ ಮಗಳ?"

ಮೋಟಾರು ಹೊರಟಿತು. ಆಕೆ ಕೈ ಬಿಟ್ಟಳು, ಆಮೇಲೆ ಬೇರೆ ಕಡೆಗೆ ಮುಖ ಮಾಡಿ ಕೈ ಬೀಸಿದಳು...

ತರಬೇತಿಯಲ್ಲಿ ಎಷ್ಟೋ ಸಲ ಕಾಗದ ಬರೆಯಲು ಕೂತೆ. ತಪ್ಪಾಯಿತು ಅವ್ವಾ ಎಂದು ಬರೆದು ಅಷ್ಟಕ್ಕೇ ನಿಲ್ಲುತ್ತಿದ್ದೆ. ಆಕೆಗೆ ಅದನ್ನು ಓದಿ ಹೇಳುವವರು ಯಾರು? ಬೇರೆಯವರು ಓದಿದರೆ ಆಕೆಯ ಗುಟ್ಟೂ ಬಯಲು, ನನ್ನದೂ ಬಯಲು. ಕೊನೆಗೆ ಎಲ್ಲರ ಎದುರು ಓದಬಹುದಾದ, ಕ್ಷೇಮ ಸಮಾಚಾರದ ಕಾಗದಗಳನ್ನಷ್ಟೇ ಬರೆದೆ. ಎರಡನೆಯ ವರ್ಷ ಅಪ್ಪ ಯಾರಿಂದಲೋ ಕಾಗದ ಬರೆಸಿದ. ಮಿಷನ್ನಿನಿಂದ ಬಂದವರೊಬ್ಬರು ಭಾನುವಾರ ಸಭೆಯಲ್ಲಿ ಒಂದು ಹೊಸ ಹಾಳೆ ಕೊಟ್ಟು ಓದಿರೆಂದರಂತೆ. ಬೈಬಲ್ ಅವ್ವ ಅದನ್ನು ಹಿಡಿದು ನಿಂತೇ ಇದ್ದಳಂತೆ. ಆಕೆಗೆ ವಿಶ್ರಾಂತಿ ಕೊಟ್ಟರು. ಮುಂದಿನ ಬೇಸಿಗೆಯಲ್ಲಿ ನಾನು ಮಸ್ಕಿಗೆ ಬರುವಷ್ಟರಲ್ಲಿ ಆಕೆ ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

ಮುಂದೆ ನಾನು ಕಣ್ಣಿನ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಪೊರೆ ತೆಗೆದ ಮುದುಕಿಯರ ಕಣ್ಣಿನ ಪಟ್ಟಿ ಬಿಚ್ಚುವಾಗ ಅವರು ನನ್ನ ಗಲ್ಲ ಮುಟ್ಟಿ, "ನೀನೇನವ್ವಾ ಆ ದನಿಯಾಕಿ?" ಎಂದು ಕೇಳುತ್ತಿದ್ದರು. ಬೆಳೆದ ನನ್ನ ಮುಖವನ್ನು ಬೈಬಲ್ ಅವ್ವ ಒಮ್ಮೆಯೂ ನೋಡಿರಲಿಲ್ಲ. ಅದು ನೆನಪಾಗಿ ಕೆಲವು ದಿನ ವಾರ್ಡಿನಿಂದ ಹೊರಗೆ ಬಂದು ಅತ್ತಿದ್ದುಂಟು.

ಈಗ ನನಗೆ ಆಕೆಗಿಂತ ಹೆಚ್ಚು ವಯಸ್ಸಾಗಿದೆ. ಆ ಚೀಟಿಯ ಪಾಪಕ್ಕೆ ದೇವರಲ್ಲಿ ಕ್ಷಮೆ ಕೇಳಿದ್ದೇನೆ, ಸಿಕ್ಕಿದೆ ಎಂದೂ ನಂಬಿದ್ದೇನೆ. ಆದರೆ ನಾನು ಸುಳ್ಳು ಬರೆದು ಓದಿ ಹೇಳಿದ್ದು ಆಕೆಗೆ. ಆಕೆಯನ್ನು ಕೇಳುವುದು ಉಳಿದೇ ಹೋಯಿತು.