ಪೆಡಲ್ ಗಟ್ಟಿಯಾಗುವವರೆಗೆ

ಹೊಸಕೋಟೆಯಲ್ಲಿ ನನಗೆ ಡ್ರೈವಿಂಗ್ ಕಲಿಸಿದ ಮೇಡಂ ತಮ್ಮ ಹಳೆಯ ಕಾರನ್ನು ರಿಪೇರಿಗೆಂದು ಯಾರ ಕೈಗೂ ಕೊಡುತ್ತಿರಲಿಲ್ಲ. ಚೂಡಿದಾರದ ತೋಳನ್ನು ಮೊಣಕೈವರೆಗೆ ಮಡಚಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ತಾವೇ ಕೆಲಸಕ್ಕೆ ಕೂರುತ್ತಿದ್ದರು. "ಯಾರಿಗೆ ಅರ್ಜೆಂಟು?" ಎನ್ನುವುದು ಅವರ ಮಾತು. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದರೂ ಅದೇ, ನಾನು ಗಾಬರಿಯಲ್ಲಿ ತಪ್ಪು ಗೇರ್ ಹಾಕಿದರೂ ಅದೇ.

ನನ್ನ ಲೈಸೆನ್ಸ್ ಪರೀಕ್ಷೆಗೆ ಒಂದೇ ದಿನವಿರುವಾಗ ಕಾರಿನ ಮುಂಬದಿಯ ಬ್ರೇಕು ಕಿರುಗುಟ್ಟತೊಡಗಿತು. ಮೇಡಂ ಮನೆಯಂಗಳದಲ್ಲೇ ಜಾಕ್ ಏರಿಸಿ, ಚಕ್ರ ಕಳಚಿ, ಸವೆದ ಡಿಸ್ಕು, ಪ್ಯಾಡುಗಳನ್ನು ತೆಗೆದು ಹೊಸವನ್ನು ಕೂರಿಸಿದರು. ಕೇಳಿದ ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಎಲ್ಲ ಮುಗಿದದ್ದೇ ಖುಷಿಯಲ್ಲಿ ಸೀಟಿಗೆ ಹಾರಿ ಕುಳಿತೆ. ಮೇಡಂ ಕಿಟಕಿಯಿಂದ ಕೈ ಹಾಕಿ ಕೀ ಕಿತ್ತುಕೊಂಡರು.

"ಮೊದ್ಲು ಬ್ರೇಕ್ ತುಳಿ ಬೇಟಾ."

ತುಳಿದೆ. ಪೆಡಲ್ ಸೀದಾ ಕೆಳಕ್ಕೆ ಹೋಗಿಬಿಟ್ಟಿತು.

"ಮೇಡಂ, ಬ್ರೇಕೇ ಇಲ್ಲ!"

ಅವರು ಜೋರಾಗಿ ನಕ್ಕರು. "ಹೊಸ ಪ್ಯಾಡು ಇನ್ನೂ ಡಿಸ್ಕಿನ ಹತ್ರ ಬಂದಿಲ್ಲ ಕಣಮ್ಮ. ತುಳೀತಾ ಇರು, ಬರ್ತದೆ."

ಏಳೆಂಟು ಸಲ ತುಳಿದ ಮೇಲೆ ಪೆಡಲ್ ಗಟ್ಟಿಯಾಯಿತು. ಆದರೂ ಅವರು ಕೀ ಕೊಡಲಿಲ್ಲ. ತಾವೇ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸುತ್ತ, ಮತ್ತೆ ಮತ್ತೆ ನಿಲ್ಲಿಸಿ ನೋಡಿ ಬಂದರು.

ಮರುದಿನ ಪರೀಕ್ಷೆಯಲ್ಲಿ ಇನ್ಸ್‌ಪೆಕ್ಟರ್ ಇದ್ದಕ್ಕಿದ್ದಂತೆ "ನಿಲ್ಸಿ!" ಎಂದರು. ಕಾರು ಅಲ್ಲೇ ನಿಂತಿತು. ಅವರು ಪೆನ್ನಿನ ಕ್ಯಾಪ್ ತೆಗೆಯುವ ಮೊದಲೇ ಬೇಲಿಯಾಚೆ ಮೇಡಂ ಚಪ್ಪಾಳೆ ತಟ್ಟುತ್ತಿದ್ದರು.