ಕಾಲು ಮುರಿದುಕೊಂಡವನ ಪಾತ್ರ

ಹೆತ್ತೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷದಿಂದ ನಾನು ರೈಟರ್. ಬೆಳಿಗ್ಗೆ ಹಾಜರಿ ಕೂಗುವುದು, ಆಳುಗಳನ್ನು ಕೆಲಸಕ್ಕೆ ಹಂಚುವುದು, ಸ್ಟೋರಿನ ಬೀಗ ತೆಗೆಯುವುದು, ಸಂಜೆ ಅದೇ ಬೀಗ ಹಾಕುವುದು. ನನ್ನ ಸಾಹಸ ಇಷ್ಟೇ. ತೋಟದ ಕೆಳಗಂಚಿನಲ್ಲಿ ಒಂದು ಹಳ್ಳ ಬಂಡೆಗಳ ಕೊರಕಲಿನೊಳಗೆ ನುಗ್ಗಿ ಹೋಗುತ್ತದೆ. ಅದರ ಸದ್ದು ದಿನವೂ ಕೇಳುತ್ತಿದ್ದೆ, ಒಳಗೆ ಇಳಿದಿರಲಿಲ್ಲ. ಅಲ್ಲಿ ಕಾಫಿ ಗಿಡ ಇಲ್ಲವಾದ್ದರಿಂದ ನನಗೆ ಅಲ್ಲಿ ಕೆಲಸವೂ ಇರಲಿಲ್ಲ.

ಕಳೆದ ವರ್ಷ ನಮ್ಮ ಯಜಮಾನರ ಸೊಸೆ ಆ ಕೊರಕಲಿಗೂ ಒಂದು ಕೆಲಸ ಹಚ್ಚಿದರು. ಪೇಟೆಯಿಂದ ಬರುವವರಿಗೆ ಸೊಂಟಕ್ಕೆ ಹಗ್ಗ ಕಟ್ಟಿ ಜಲಪಾತದ ಪಕ್ಕದಲ್ಲಿ ಇಳಿಸುವುದು, ಬಂಡೆ ಹತ್ತಿಸುವುದು, ಮಡುವಿಗೆ ಹಾರಿಸುವುದು, ಕೊನೆಗೆ ನಡುಗುತ್ತಾ ಬಂದವರಿಗೆ ಬಿಸಿ ಕಾಫಿ ಕೊಡುವುದು. ಜನ ಇಷ್ಟಪಟ್ಟು ನಡುಗಲು ಬರುತ್ತಾರೆಂದು ನಾನು ನಂಬಿರಲಿಲ್ಲ. ಅಮ್ಮಾವ್ರು ನಂಬಿದ್ದರು.

ಗೈಡುಗಳಾಗಿ ಅವರು ಆರಿಸಿದ್ದು ನಮ್ಮ ತೋಟದಲ್ಲೇ ಮರಗಸಿ ಮಾಡುತ್ತಿದ್ದ ಇಬ್ಬರನ್ನು. ನೆರಳಿನ ಮರದ ತುದಿಗೆ ಹತ್ತಿ ಕೊಂಬೆ ಸವರುವವರಿಗೆ ಎತ್ತರದ ಭಯ ಎಲ್ಲಿಂದ ಬರಬೇಕು? ಒಬ್ಬ ನಲವತ್ತು ದಾಟಿದವನು, ಮಾತು ಬಲು ಕಡಿಮೆ. ಇನ್ನೊಬ್ಬ ಅವನ ಭಾವಮೈದ. ಭಾವನ ಪಾಲಿನ ಮಾತನ್ನೂ ಇವನೇ ಆಡಿ ಮುಗಿಸುತ್ತಿದ್ದ. ಇವರನ್ನು ತಯಾರು ಮಾಡಲು ಬೆಂಗಳೂರಿನಿಂದ ಒಬ್ಬ ತರಬೇತುದಾರರು ಬಂದು ಎರಡು ವಾರ ನಿಂತರು. ತೆಳ್ಳಗಿನ ಮನುಷ್ಯ, ಏನು ನಡೆದರೂ ದನಿ ಏರಿಸದವರು.

ಮಳೆ ನಿಂತು ಹಳ್ಳ ಇಳಿದ ಮೇಲೆ ಅವರು ಕೊನೆಯ ಪರೀಕ್ಷೆ ಇಟ್ಟರು. ಕೊರಕಲಿನ ತಳದಲ್ಲಿ ಒಬ್ಬನಿಗೆ ಕಾಲು ಮುರಿದಿದೆ ಎಂದುಕೊಳ್ಳಬೇಕು, ಅವನನ್ನು ಸ್ಟ್ರೆಚರಿಗೆ ಕಟ್ಟಿ ರಸ್ತೆಯವರೆಗೆ ಹೊತ್ತು ತರಬೇಕು. ಮೊದಲು ಕಾಫಿ ಹೊಟ್ಟು ತುಂಬಿದ ಚೀಲವನ್ನು ಕಟ್ಟಿ ನೋಡಿದರು. ಚೀಲ ತಕರಾರು ಮಾಡುವುದಿಲ್ಲ, ನಮಗೆ ತಕರಾರು ಮಾಡುವ ಮನುಷ್ಯ ಬೇಕು ಎಂದರು ತರಬೇತುದಾರರು. ಅಂಗಳದಲ್ಲಿದ್ದ ಅಷ್ಟೂ ಜನ ಒಟ್ಟಿಗೆ ನನ್ನ ಕಡೆ ತಿರುಗಿದರು.

ನನ್ನ ತೂಕ ತೊಂಬತ್ತು ಕಿಲೋ. ಅದನ್ನು ಒಂದು ತೊಡಕೆಂದು ಹೇಳಿದೆ. ಅವರಿಗೆ ಅದೇ ಹಿಡಿಸಿಬಿಟ್ಟಿತು. ಇವರನ್ನು ಹೊತ್ತವರು ಯಾರನ್ನಾದರೂ ಹೊರಬಲ್ಲರು ಎಂದರು. ಅಮ್ಮಾವ್ರು, "ರೈಟ್ರೇ, ನೀವು ಹಿಂದೆ ನಾಟಕದಲ್ಲಿ ಪಾರ್ಟ್ ಮಾಡಿದ್ರಲ್ವಾ?" ಎಂದು ಕೇಳಿದರು. ಮಾಡಿದ್ದೆ. ಊರಿನ ನಾಟಕದಲ್ಲಿ ಮೊದಲ ದೃಶ್ಯದಲ್ಲೇ ಬಾಣ ತಾಗಿ ಬೀಳುವ ಸೈನಿಕ. ಬಿದ್ದವನು ಪರದೆ ಇಳಿಯುವವರೆಗೆ ಏಳುವಂತಿರಲಿಲ್ಲ. ಆ ನೆನಪಿಗೆ ಉಬ್ಬಿ ಒಪ್ಪಿಕೊಂಡೆ.

ತಣ್ಣೀರಿನಲ್ಲಿ ಹಾಕಿಕೊಳ್ಳುವ ರಬ್ಬರಿನ ಉಡುಪಿಗೆ ನನ್ನನ್ನು ತೂರಿಸಲು ಅರ್ಧ ಗಂಟೆ ಹಿಡಿಯಿತು. ಮೊಣಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಭಾವ ಒಂದು ಕಡೆ, ಭಾವಮೈದ ಒಂದು ಕಡೆ ಹಿಡಿದು, ಚೀಲಕ್ಕೆ ಕಾಫಿ ಕುಲುಕಿದಂತೆ ನನ್ನನ್ನು ಕುಲುಕಿದರು. ಹೊರಡುವ ಮುಂಚೆ ತರಬೇತುದಾರರು ಒಂದು ನಿಯಮ ಹೇಳಿದರು. ನಾನು ನರಳಿದರೂ ಬೈದರೂ ಅದೆಲ್ಲ ನಟನೆಯ ಲೆಕ್ಕಕ್ಕೇ ಹೋಗುತ್ತದೆ. ನಿಜವಾಗಿ ತೊಂದರೆಯಾದರೆ ಒಂದು ಗುಟ್ಟಿನ ಮಾತು ಹೇಳಬೇಕು, ಕೂಡಲೇ ಎಲ್ಲ ನಿಲ್ಲಿಸುತ್ತಾರೆ. ಮಾತನ್ನು ನನಗೇ ಆರಿಸಲು ಬಿಟ್ಟರು. ಆ ದಿನ ಮನೆಯಲ್ಲಿ ಹೀರೇಕಾಯಿ ಪಲ್ಯ. ನಾನು ಹೀರೇಕಾಯಿ ಎಂದೆ.

ಕೊರಕಲಿಗೆ ಇಳಿದದ್ದು ಹಗ್ಗದ ಮೇಲೆ. ಅರ್ಧ ದಾರಿ ಕಣ್ಣು ಮುಚ್ಚಿದ್ದರಿಂದ ವರ್ಣಿಸಲಾರೆ. ತಳದಲ್ಲಿ ಒಂದು ಚಪ್ಪಟೆ ಬಂಡೆಯ ಮೇಲೆ ಮಲಗಿಸಿ ನರಳಿ ಎಂದರು. ನರಳಿದೆ. ಎರಡೂ ಕಡೆಯ ಬಂಡೆ ಅದನ್ನು ಹಿಡಿದು ಇಮ್ಮಡಿ ಮಾಡಿ ವಾಪಸ್ಸು ಕೊಟ್ಟಿತು. ನನ್ನ ದನಿಗೆ ಇಂಥ ಗಾತ್ರ ಇದೆಯೆಂದು ಹಾಜರಿ ಕೂಗುವಾಗ ಎಂದೂ ತಿಳಿದಿರಲಿಲ್ಲ. ಸಂತೋಷವಾಗಿ ಇನ್ನೂ ನಾಲ್ಕು ಸಲ ನರಳಿದೆ.

ಅವರು ಬಂದರು, ಬಲಗಾಲಿಗೆ ಪಟ್ಟಿ ಕಟ್ಟಿದರು, ಸ್ಟ್ರೆಚರಿಗೆ ಹಾಕಿ ಎದೆ, ಹೊಟ್ಟೆ, ತೊಡೆಗೆ ಬೆಲ್ಟ್ ಬಿಗಿದರು. ಕೈಗಳೂ ಒಳಗೆ ಸೇರಿದವು. ಅಷ್ಟು ಹೊತ್ತಿಗೆ ರಕ್ತ ಹೀರುವ ಇಂಬಳವೊಂದು ನನ್ನ ಕುತ್ತಿಗೆಯಿಂದ ಗದ್ದಕ್ಕೆ ಹತ್ತಿ, ತುಟಿಯ ಪಕ್ಕ ಅಳೆಯುತ್ತಾ ಅಳೆಯುತ್ತಾ ಮೂಗಿನ ಕಡೆ ಹೊರಟಿತು. ಮುಖದ ಮೇಲೆ ಇಂಬಳ ಐತೆ ಎಂದೆ. ಭಾವಮೈದ, ಪೇಷಂಟು ಏನೇನೋ ಹೇಳ್ತಾವ್ರೆ ಎಂದು ವರದಿ ಒಪ್ಪಿಸಿದ. ಕಾಲು ಸರಿಯಾಗಿದೆ, ಬಿಚ್ಚಿ, ನಡೆದೇ ಬರುತ್ತೇನೆ ಎಂದೆ. ಗಾಬರಿಯಲ್ಲಿರುವ ಪೇಷಂಟುಗಳೆಲ್ಲ ಹೀಗೇ ಹೇಳುವುದು, ನಂಬಬೇಡಿ ಎಂದರು ತರಬೇತುದಾರರು.

ಗುಟ್ಟಿನ ಮಾತು ಹೇಳೋಣವೆಂದರೆ ಅದು ತಲೆಯಿಂದ ಹಾರಿಹೋಗಿತ್ತು. ತರಕಾರಿ ಎಂಬುದಷ್ಟೇ ನೆನಪು. "ಪಡವಲಕಾಯಿ" ಎಂದು ಕೂಗಿದೆ. ಯಾರೂ ನಿಲ್ಲಲಿಲ್ಲ. ಸೋರೆಕಾಯಿ, ಹಾಗಲಕಾಯಿ, ಮಂಗಳೂರು ಸೌತೆ ಎಂದು ಒಂದೊಂದಾಗಿ ಕೂಗುತ್ತಾ ಹೋದೆ. ಆಗ, ಬೆಳಗಿನಿಂದ ತುಟಿ ತೆರೆಯದಿದ್ದ ಭಾವ ನಿಂತು ನನ್ನ ಮುಖ ನೋಡಿ, "ಪೆಟ್ಟು ತಲೆಗೂ ಬಿದ್ದೈತೆ" ಎಂದ. ತರಬೇತುದಾರರಿಗೆ ಆ ಗಮನಿಕೆ ಬಹಳ ಮೆಚ್ಚಿಕೆಯಾಯಿತು. ತಲೆಗೂ ಬಟ್ಟೆ ಸುತ್ತಿಸಿ, ಕುತ್ತಿಗೆಗೆ ಗಟ್ಟಿ ಪಟ್ಟಿ ಹಾಕಿಸಿದರು. ಬಟ್ಟೆ ಸುತ್ತುವಾಗ ಭಾವನ ಕಣ್ಣಿಗೆ ಇಂಬಳ ಬಿತ್ತು. ಉಗುರಿನಿಂದ ಚಿಮ್ಮಿ ಎಸೆದ. ಮತ್ತೆ ಬಟ್ಟೆ ಸುತ್ತತೊಡಗಿದ.

ಹಗ್ಗದಲ್ಲಿ ನನ್ನನ್ನು ಜಲಪಾತದ ಪಕ್ಕ ಮೇಲೆಳೆಯುವಾಗ ಆಕಾಶ ಸಣ್ಣ ಹಾಳೆಯ ಚೂರಿನಂತೆ ಕಾಣುತ್ತಿತ್ತು. ಭಾವ ಸ್ಟ್ರೆಚರಿನ ಪಕ್ಕದಲ್ಲೇ ಇನ್ನೊಂದು ಹಗ್ಗದಲ್ಲಿ ನೇತಾಡುತ್ತಾ ಬಂದ. ಬಂಡೆ ಚಾಚಿದ ಕಡೆಯೆಲ್ಲ ತನ್ನ ಅಂಗೈಯನ್ನು ನನ್ನ ತಲೆಗೂ ಕಲ್ಲಿಗೂ ನಡುವೆ ಇಡುತ್ತಿದ್ದ. ಎರಡು ಸಲ ಅವನ ಬೆರಳಿನ ಗೆಣ್ಣು ತರಚಿದ್ದು ಕಂಡೆ. ಐದು ನಿಮಿಷ ತಡವಾಗಿ ಬಂದದ್ದಕ್ಕೆ ಎಷ್ಟೋ ಬೆಳಿಗ್ಗೆ ಆಳುಗಳ ಸಾಲಿನ ಮುಂದೆ ಇವನನ್ನು ನಾನು ಗದರಿದ್ದೆ. ನೇತಾಡುವಾಗ ಇಂಥದ್ದೆಲ್ಲ ನೆನಪಾಗುತ್ತದೆ. ಆಮೇಲೆ ನಾನು ತರಕಾರಿ ಕೂಗುವುದನ್ನು ಬಿಟ್ಟೆ.

ಮೇಲಿನ ಮಡುವಿನ ಹತ್ತಿರ ನಮ್ಮ ಪಕ್ಕದ ಊರಿನ ಅಜ್ಜಿಯೊಬ್ಬರು ಏಡಿ ಹಿಡಿಯುತ್ತಿದ್ದರು. ನನ್ನ ನರಳಾಟ ಅವರಿಗೆ ಆಗಲೇ ಮುಟ್ಟಿತ್ತು. ಸ್ಟ್ರೆಚರ್ ಕೆಳಗಿಟ್ಟಾಗ ಹತ್ತಿರ ಬಂದು ಬಗ್ಗಿ ನೋಡಿದರು.

"ರೈಟ್ರಪ್ಪ ಅಲ್ವೇನ್ಲಾ? ಏನಾಗ್ಬುಟ್ಟೈತೆ?"

"ಏನೂ ಆಗಿಲ್ಲ ಕಣಜ್ಜಿ, ಇದು ಪ್ರಾಕ್ಟೀಸು" ಎಂದ ಭಾವಮೈದ.

"ನನ್ ತಾವ ಯಾಕ್ ಮುಚ್ಚಿಡ್ತೀಯ ಮಗ. ಮುಖ ನೋಡಿದ್ರೆ ಗೊತ್ತಾಗಕಿಲ್ವಾ?"

ಮಾತಾಡಿದರೆ ಮತ್ತೇನಾದರೂ ಕಟ್ಟುತ್ತಾರೆಂದು ನಾನು ಸುಮ್ಮನಿದ್ದೆ. ಅದೇ ತಪ್ಪಾಯಿತು. ಪಾಪ, ಮಾತೇ ನಿಂತೋಗೈತೆ ಎಂದುಕೊಂಡು ಅಜ್ಜಿ ಏಡಿ ಡಬ್ಬವನ್ನು ಸೊಂಟಕ್ಕೇರಿಸಿ, ಹಗ್ಗ ಹೆಲ್ಮೆಟ್ ಯಾವುದೂ ಇಲ್ಲದೆ, ಬರಿಗಾಲಲ್ಲಿ ಬಂಡೆ ಸಂದಿನಲ್ಲಿ ಹತ್ತಿ ಮಾಯವಾದರು. ತರಬೇತುದಾರರು ಅವರು ಹೋದ ದಾರಿಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಆಮೇಲೆ ತಿಳಿದದ್ದು, ಅಜ್ಜಿ ಕಾಲು ಗಂಟೆಯಲ್ಲಿ ರಸ್ತೆಗೆ ಬಂದು, ಹೆತ್ತೂರಿಗೆ ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು, ಕಂಡಕ್ಟರಿಗೆ ಸುದ್ದಿ ಹೇಳಿ ಕಳಿಸಿದ್ದರು. ನಾವು ರಸ್ತೆ ಮುಟ್ಟಲು ಇನ್ನೂ ಎರಡು ಗಂಟೆ ಬೇಕಾಯಿತು.

ರಸ್ತೆಯಲ್ಲಿ ಐವತ್ತು ಜನ ಇದ್ದರು. ಒಬ್ಬರು ಅಂಗಡಿ ಮುಚ್ಚಿ ಬಂದಿದ್ದರು, ಒಬ್ಬರು ಟ್ರಾಕ್ಟರನ್ನು ರಸ್ತೆ ಮಧ್ಯದಲ್ಲೇ ಬಿಟ್ಟಿದ್ದರು. ಸಕಲೇಶಪುರದ ಆಸ್ಪತ್ರೆಗೆ ಒಯ್ಯಲು ಜೀಪು ಸ್ಟಾರ್ಟಾಗಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ನಮ್ಮ ಮನೆಯ ಹಾಸಿಗೆ, ಎರಡು ದಿಂಬು. ನಾಟಕ ಎಂದು ತರಬೇತುದಾರರು ಶಾಂತವಾಗಿ ಹೇಳಿದರು. ಅಷ್ಟು ಶಾಂತವಾಗಿ ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾಲ್ಕಾರು ಜನ ಸ್ಟ್ರೆಚರನ್ನು ಗೈಡುಗಳ ಕೈಯಿಂದ ಕಿತ್ತುಕೊಂಡು ಜೀಪಿನತ್ತ ಹೊರಟರು. ಬೆಲ್ಟ್ ಬಿಚ್ಚಲು ಅವರಿಗೆ ಬರಲಿಲ್ಲ. ಬೆಲ್ಟಿನೊಳಗಿದ್ದ ನನಗೆ ಕೈಯೇ ಇರಲಿಲ್ಲ.

ಆಗ ನನ್ನ ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು. ಕಣ್ಣು ಕೆಂಪಾಗಿದ್ದವು. ಮುಖದ ಹತ್ತಿರ ಬಗ್ಗಿ, ಎಲ್ಲಿ ನೋವು ಎಂದು ಕೇಳಿದಳು. ಎಲ್ಲೂ ಇಲ್ಲ, ಇದು ಸೊಸೆಯಮ್ಮಾವ್ರು ಮಾಡಿಸಿದ ಪರೀಕ್ಷೆ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಪಟ್ಟಿಯೊಳಗೆ ಕೈ ಹಾಕಿ ಕಾಲನ್ನು ಜೋರಾಗಿ ಹಿಂಡಿದಳು. ನಾನು ಕೂಗಲಿಲ್ಲ. ಅವಳ ಮುಖ ಮೊದಲು ಸಡಿಲವಾಯಿತು, ಆಮೇಲೆ ಗಟ್ಟಿಯಾಯಿತು. ತಿರುಗಿ ಐವತ್ತು ಜನರನ್ನು ಒಮ್ಮೆ ನೋಡಿ ಮತ್ತೆ ಬಗ್ಗಿದಳು.

"ಇಷ್ಟು ಜನ ಕೆಲಸ ಬುಟ್ಟು ಬಂದವ್ರೆ ಕಣ್ರೀ. ಎದ್ದು ಸುಮ್ನೆ ನಡೆದ್ರೆ ಚೆನ್ನಾಗಿರಕಿಲ್ಲ. ಒಂಚೂರು ಕುಂಟಿ."

"ಯಾವ ಕಾಲು?"

"ಅದನ್ನೂ ನಾನೇ ಹೇಳ್ಬೇಕಾ?"

ಭಾವ ಬೆಲ್ಟ್ ಬಿಚ್ಚಿದ. ನಾನು ಹೆಂಡತಿಯ ಹೆಗಲು ಹಿಡಿದು ಎದ್ದು ಬಲಗಾಲು ಎಳೆಯುತ್ತಾ ಜೀಪು ಹತ್ತಿದೆ. ಬಂದವರಿಗೆಲ್ಲ ಒಂದು ಸಮಾಧಾನವಾಯಿತು. ಮುರಿದಿಲ್ಲ, ಉಳುಕಿದೆ ಅಷ್ಟೇ ಎಂದು ಅವರವರೇ ತೀರ್ಮಾನಿಸಿದರು. ಜೀಪು ಆಸ್ಪತ್ರೆಗೆ ಹೋಗದೆ ಮನೆಗೆ ತಿರುಗಿತು. ಗೈಡುಗಳಿಬ್ಬರೂ ಪಾಸಾದರು. ಜನಜಂಗುಳಿ ನಿಭಾಯಿಸುವ ಅಭ್ಯಾಸವೂ ಪುಕ್ಕಟೆಯಾಗಿ ಆಯಿತೆಂದು ತರಬೇತುದಾರರು ಅಮ್ಮಾವ್ರಿಗೆ ಹೇಳಿದರಂತೆ.

ಆ ವಾರವೆಲ್ಲ ಮನೆಗೆ ಬಾಳೆಹಣ್ಣು, ಬ್ರೆಡ್ಡು ಹಿಡಿದುಕೊಂಡು ಜನ ಬಂದರು. ಬೆಳಿಗ್ಗೆ ಹಾಜರಿಯಲ್ಲಿ ಪ್ರತಿಯೊಬ್ಬರೂ ಕಾಲು ವಿಚಾರಿಸಿದ್ದರಿಂದ ಕೆಲಸ ಶುರುವಾಗುವುದು ತಡವಾಗುತ್ತಿತ್ತು. ತಡವಾದದ್ದಕ್ಕೆ ಯಾರನ್ನೂ ಗದರಲಿಲ್ಲ. ಒಂದು ದಿನ ಮರೆತು ಎಡಗಾಲು ಕುಂಟಿದೆ. ಭಾವ ನನ್ನ ಪಕ್ಕದಲ್ಲಿ ಹಾದುಹೋಗುತ್ತಾ, ಬೇರೆಯವರಿಗೆ ಕೇಳದ ಹಾಗೆ "ಬಲಗಾಲು" ಎಂದು ಹೇಳಿ ಮುಂದಕ್ಕೆ ಹೋದ.

ಶನಿವಾರ ಹೆಂಡತಿಯ ಅಣ್ಣನ ಮಗಳ ಮದುವೆ ಇತ್ತು, ಆಲೂರಿನಲ್ಲಿ. ಅಲ್ಲಿ ಪಂಕ್ತಿಗೆ ಓಡಾಡಿ ಬಡಿಸುವ ಕೆಲಸ ನನ್ನದೇ. ಶುಕ್ರವಾರದೊಳಗೆ ವಾಸಿಯಾಗಬೇಕು ಎಂದು ಹೆಂಡತಿ ಹೇಳಿದಳು. ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ವಾಸಿಯಾದೆ.